ಹೆದರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರಿಷಸ್‌ನಲ್ಲಿ ಕಾರು ಓಡಿಸುವುದು: ದಾವಣಗೆರೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಟಿಕೆಟ್ ಆಯ್ತು, ಹೋಟೆಲ್ ಆಯ್ತು. ಅಲ್ಲಿ ಕಾರು ಬಾಡಿಗೆಗೆ ತಗೊಂಡು ನಾವೇ ಓಡಿಸೋಣ ಅಂದ ತಕ್ಷಣ ಮನೆಯಲ್ಲಿ ಒಬ್ಬರ ಮುಖ ಸಣ್ಣಗಾಗುತ್ತದೆ. ಅದು ಅಮ್ಮ ಇರಬಹುದು, ಹೆಂಡತಿ ಇರಬಹುದು, ಗಂಡನೂ ಇರಬಹುದು. ನೆಂಟರು, ಗೆಳೆಯರು, ಅಕ್ಕಪಕ್ಕದ ಮನೆಯವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಉತ್ತರದ ಜೊತೆ ಇಲ್ಲಿ ಬರೆದಿದ್ದೇನೆ. ಇದು ಹೆದರುವವರಿಗಿಂತ ಓಡಿಸುವವರಿಗೇ ಜಾಸ್ತಿ. ಹೆದರುವವರು ಬದಲಾಗಲಿ ಅಂತ ಕಾಯುವುದಕ್ಕಿಂತ ಓಡಿಸುವವರು ಬದಲಾಗುವುದು ಬೇಗ ಆಗುವ ಕೆಲಸ ಅಂತ ನಾನು ನಂಬಿದ್ದೇನೆ.

ಓಡಿಸುವವರಿಗೆ ಆಗದ ಭಯ ಪಕ್ಕದವರಿಗೆ ಯಾಕೆ ಆಗುತ್ತದೆ?

ಸ್ಟಿಯರಿಂಗ್ ಅವರ ಕೈಯಲ್ಲಿ ಇಲ್ಲ, ಅದಕ್ಕೆ. ಯಾವಾಗ ಬ್ರೇಕ್ ಹಾಕುತ್ತೀರಿ, ಎಷ್ಟು ತಿರುಗಿಸುತ್ತೀರಿ ಅನ್ನುವುದು ನಿಮ್ಮ ಮೈಗೆ ಮೊದಲೇ ಗೊತ್ತಿರುತ್ತದೆ. ಪಕ್ಕದವರಿಗೆ ಅದು ಗೊತ್ತಾಗುವುದು ಕಾರು ವಾಲಿದ ಮೇಲೆ. ಇಲ್ಲದ ಬ್ರೇಕನ್ನು ಅವರ ಕಾಲು ಒತ್ತುತ್ತಾ ಇರುವುದೂ ಅದಕ್ಕೇ.

ಇನ್ನೊಂದು ವಿಷಯವನ್ನು ನಾವು ಓಡಿಸುವವರು ಸುಲಭವಾಗಿ ಒಪ್ಪುವುದಿಲ್ಲ. ಎಡಗಡೆ ಎಷ್ಟು ಜಾಗ ಉಳಿದಿದೆ ಅನ್ನುವುದು ಎಡಗಡೆ ಕೂತವರಿಗೆ ನಮಗಿಂತ ಚೆನ್ನಾಗಿ ಕಾಣುತ್ತದೆ. ಚರಂಡಿ, ನಿಂತ ಲಾರಿ, ಸೈಕಲ್ಲು ಎಲ್ಲವೂ ಅವರ ಬಾಗಿಲ ಪಕ್ಕದಲ್ಲೇ ಹಾದುಹೋಗುತ್ತವೆ. "ರೀ, ಈ ಕಡೆ ತುಂಬಾ ಹತ್ರ ಬಂತು" ಅಂದರೆ ಸುಮ್ನೆ ಹೆದರಿಕೆ ಅಂತ ತಳ್ಳಿಹಾಕಬೇಡಿ. ಎಷ್ಟೋ ಸಲ ಅವರ ಅಳತೆಯೇ ಸರಿ ಇರುತ್ತದೆ.

ಹೊಸ ಊರು ಇದನ್ನು ಇನ್ನೂ ಹೆಚ್ಚಿಸುತ್ತದೆ. ಇಲ್ಲಿ ಪಿ.ಬಿ. ರಸ್ತೆಯಲ್ಲಿ ಎದುರಿನಿಂದ ಬೈಕ್ ನುಗ್ಗಿ ಬಂದರೂ ಅಮ್ಮ ಮಾತು ನಿಲ್ಲಿಸುವುದಿಲ್ಲ. ಆ ರಸ್ತೆ ಅವರಿಗೆ ಗೊತ್ತು. ದ್ವೀಪದಲ್ಲಿ ತಿರುವಿನ ಆಚೆ ಏನಿದೆ ಗೊತ್ತಿಲ್ಲ, ಏನಾದರೂ ಆದರೆ ಯಾರನ್ನು ಕರೆಯಬೇಕು ಅನ್ನುವುದೂ ಗೊತ್ತಿಲ್ಲ.

ಮಾರಿಷಸ್ ರಸ್ತೆಗಳು ನಿಜಕ್ಕೂ ಹೇಗಿವೆ?

ನಮ್ಮ ಹಾಗೆಯೇ ಎಡಗಡೆ ಓಡಿಸುತ್ತಾರೆ, ಸ್ಟಿಯರಿಂಗ್ ಬಲಕ್ಕೆ. ಅರ್ಧ ಭಯ ಇಲ್ಲಿಗೇ ಹೋಗಬೇಕು. ದ್ವೀಪ ಉದ್ದಕ್ಕೆ ಸುಮಾರು 65 ಕಿ.ಮೀ., ಅಗಲಕ್ಕೆ ಸುಮಾರು 45 ಕಿ.ಮೀ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವಷ್ಟರಲ್ಲಿ ಅಲ್ಲಿ ನೆಲವೇ ಮುಗಿದು ಸಮುದ್ರ ಬಂದಿರುತ್ತದೆ. ವಿಮಾನ ನಿಲ್ದಾಣ ಆಗ್ನೇಯ ಮೂಲೆಯಲ್ಲಿದೆ. ಅಲ್ಲಿಂದ ರಾಜಧಾನಿ ಪೋರ್ಟ್ ಲೂಯಿ ಮೂಲಕ ಉತ್ತರಕ್ಕೆ ಒಳ್ಳೆಯ ಹೆದ್ದಾರಿ ಇದೆ. ಕೆಲವು ಕಡೆ ಗಂಟೆಗೆ 110 ಕಿ.ಮೀ.ವರೆಗೆ ಹೋಗಬಹುದು, ಊರೊಳಗೆ ಮಿತಿ ತುಂಬಾ ಕಡಿಮೆ. ವೇಗ ಹಿಡಿಯುವ ಕ್ಯಾಮೆರಾಗಳೂ ಇವೆ.

ಹೆದ್ದಾರಿ ಬಿಟ್ಟು ಕರಾವಳಿ ರಸ್ತೆಗೆ ಇಳಿದರೆ ದಾರಿ ಕಿರಿದಾಗುತ್ತದೆ. ಎಷ್ಟೋ ಕಡೆ ಕಾಲುದಾರಿ ಇಲ್ಲ, ಜನ ರಸ್ತೆ ಅಂಚಿನಲ್ಲೇ ನಡೆಯುತ್ತಾರೆ. ಬಸ್ಸು ಮುಂದೆ ನಿಂತರೆ ನೀವೂ ನಿಲ್ಲಬೇಕು. ನಾಯಿಗಳು ಅಡ್ಡ ಬರುತ್ತವೆ. ಹಾರ್ನ್ ಮಾತ್ರ ನಮ್ಮಲ್ಲಿಗಿಂತ ಬಹಳ ಕಡಿಮೆ. ಇದನ್ನು ಮನೆಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಪ್ರತಿ ತಿರುವಿನಲ್ಲೂ "ಹಾರ್ನ್ ಹೊಡಿಯಪ್ಪಾ" ಅನ್ನುತ್ತಾರೆ.

ಲೈಸೆನ್ಸ್ ಏನು ಬೇಕು?

ನಿಮ್ಮ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ, ಮಾಡಿಸಿಕೊಳ್ಳಿ. ದಾವಣಗೆರೆ ಅಥವಾ ಚಿತ್ರದುರ್ಗದ ಆರ್‌ಟಿಒ ಕಚೇರಿಯಲ್ಲೇ ಆಗುತ್ತದೆ. ಅರ್ಜಿ ಫಾರಂ 4ಎ, ಶುಲ್ಕ 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಲೈಸೆನ್ಸ್, ಪಾಸ್‌ಪೋರ್ಟ್, ಪ್ರಯಾಣದ ಟಿಕೆಟ್ ಎಲ್ಲದರ ನಕಲು ಇಟ್ಟುಕೊಂಡು ಹೋಗಿ. ಹೊರಡುವ ವಾರದಲ್ಲಿ ಓಡಾಡಬೇಡಿ, ಒಂದು ತಿಂಗಳು ಮೊದಲೇ ಮುಗಿಸಿ. ಕಾಗದ ಸರಿಯಾಗಿದೆ ಅಂತ ಗೊತ್ತಾದರೆ ಹೆದರುವವರಿಗೂ ಒಂದು ಚಿಂತೆ ಕಡಿಮೆ.

ಹೊರಡುವ ಮೊದಲು ಊರಲ್ಲೇ ಅಭ್ಯಾಸ ಮಾಡಬಹುದಾ?

ಮಾಡಲೇಬೇಕು. ನಮ್ಮ ಊರು ಬಯಲು. ತಿರುವು, ಇಳಿಜಾರು, ನೀರಿನ ಪಕ್ಕದ ರಸ್ತೆ ಇವೆಲ್ಲ ನಮ್ಮವರಿಗೆ ದಿನಾ ಸಿಗುವುದಿಲ್ಲ. ಧರ್ಮಸ್ಥಳಕ್ಕೆ ಹೋಗುವಾಗ ಘಾಟಿಯಲ್ಲಿ ಕಣ್ಣು ಮುಚ್ಚಿ ದೇವರ ಹೆಸರು ಹೇಳುವವರು ನಮ್ಮ ಮನೆಗಳಲ್ಲಿ ಎಷ್ಟು ಜನ ಇದ್ದಾರೆ ಅಲ್ವಾ?

ಮೊದಲು ಸಣ್ಣದು. ಬೆಳಿಗ್ಗೆ ಬೇಗ ಹರಿಹರಕ್ಕೆ ಹೋಗಿ, 14 ಕಿ.ಮೀ. ಅಷ್ಟೇ. ಹರಿಹರೇಶ್ವರನ ದರ್ಶನ ಮಾಡಿ ವಾಪಸ್ ಬನ್ನಿ. ಹೋಗುವಾಗ ಇಲ್ಲಿ ಕೆಳಗೆ ಹೇಳಿದ ಮಾತಿನ ಒಪ್ಪಂದವನ್ನು ಪ್ರಯೋಗ ಮಾಡಿ ನೋಡಿ. ಆಮೇಲೆ ಇನ್ನೊಂದು ದಿನ ಸೂಳೆಕೆರೆ ಕಡೆ ಹೋಗಿ. ನೀರನ್ನು ಪಕ್ಕದಲ್ಲಿ ಇಟ್ಟುಕೊಂಡು ಕೂರುವುದು ಹೇಗನ್ನಿಸುತ್ತದೆ ಅಂತ ಅವರಿಗೇ ಗೊತ್ತಾಗುತ್ತದೆ. ಮೂರನೆಯದಾಗಿ ಚಿತ್ರದುರ್ಗದ ಜೋಗಿಮಟ್ಟಿ. ಏರು, ತಿರುವು ಎರಡೂ ಇವೆ. ಅದು ವನ್ಯಧಾಮ, ಹಾಗಾಗಿ ಗಾಡಿ ಬಿಡುವ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ. ಮಾರಿಷಸ್‌ನ ಅತಿ ಎತ್ತರದ ಶಿಖರ 828 ಮೀಟರ್, ಜೋಗಿಮಟ್ಟಿ ಅದಕ್ಕಿಂತ ಎತ್ತರ. "ಅಲ್ಲಿ ಇದಕ್ಕಿಂತ ಎತ್ತರದ ಬೆಟ್ಟವೇ ಇಲ್ಲ" ಅಂತ ಅಲ್ಲಿ ನಿಂತು ಹೇಳಿದರೆ ಆ ಮಾತಿಗೆ ತೂಕ ಇರುತ್ತದೆ.

ಪ್ರತಿ ಸಲ ವಾಪಸ್ ಬಂದ ಮೇಲೆ ಒಂದೇ ಪ್ರಶ್ನೆ ಕೇಳಿ: "ಎಲ್ಲಿ ಜಾಸ್ತಿ ಹೆದರಿಕೆ ಆಯ್ತು?" ಉತ್ತರಕ್ಕೆ ವಾದ ಮಾಡಬೇಡಿ, ಬರೆದಿಟ್ಟುಕೊಳ್ಳಿ. ಕೆಲವರಿಗೆ ಎತ್ತರ, ಕೆಲವರಿಗೆ ಎದುರು ಬರುವ ಲಾರಿ, ಕೆಲವರಿಗೆ ಓವರ್‌ಟೇಕ್, ಇನ್ನು ಕೆಲವರಿಗೆ ನೀರು. ಅಲ್ಲಿಯ ದಾರಿಗಳನ್ನು ಆರಿಸುವುದು ಈ ಉತ್ತರದ ಮೇಲೆ.

ವಿಮಾನ ಇಳಿದ ತಕ್ಷಣ ಕಾರು ತಗೊಂಡು ಹೊರಡಬಹುದಾ?

ಬೇಡ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ., ಅದೂ ಎಷ್ಟೋ ಸಲ ರಾತ್ರಿ ಪ್ರಯಾಣ. ಆಮೇಲೆ ವಿಮಾನ ನಿಲ್ದಾಣದಲ್ಲಿ ಕಾಯುವುದು, ಆಮೇಲೆ ಗಂಟೆಗಟ್ಟಲೆ ಹಾರಾಟ. ಗಡಿಯಾರ ಒಂದೂವರೆ ಗಂಟೆ ಹಿಂದೆ ಹೋಗಿರುತ್ತದೆ. ನಿದ್ದೆಗೆಟ್ಟ ಚಾಲಕ, ನಿದ್ದೆಗೆಟ್ಟು ಹೆದರಿದ ಪ್ರಯಾಣಿಕ, ಗೊತ್ತಿಲ್ಲದ ಕಾರು. ಮೊದಲ ದಿನವೇ ಹೀಗಾದರೆ ಉಳಿದ ದಿನಗಳೂ ಕೆಡುತ್ತವೆ. ಮೊದಲ ದಿನ ಟ್ಯಾಕ್ಸಿಯಲ್ಲಿ ಹೋಟೆಲ್ ಸೇರಿ, ಮಾರನೆಯ ದಿನ ಬೆಳಿಗ್ಗೆ ಕಾರನ್ನು ಹೋಟೆಲಿಗೇ ತರಿಸಿಕೊಳ್ಳಿ. ಬಾಡಿಗೆಯವರು ತಂದು ಕೊಡುತ್ತಾರೆ, ಬುಕ್ ಮಾಡುವಾಗಲೇ ಹೇಳಬೇಕು.

ಎಂಥ ಕಾರು ತಗೊಳ್ಳಬೇಕು?

ಸಣ್ಣ ಆಟೋಮ್ಯಾಟಿಕ್ ಕಾರು. ರಸ್ತೆ ಕಿರಿದಾದಾಗ ಅಗಲ ಕಡಿಮೆ ಇದ್ದಷ್ಟೂ ಎಡಗಡೆ ಜಾಗ ಉಳಿಯುತ್ತದೆ. ಗೇರ್ ಬದಲಿಸುವಾಗಿನ ಜರ್ಕ್ ಇಲ್ಲದಿದ್ದರೆ ಪಕ್ಕದವರ ತಲೆ, ಹೊಟ್ಟೆ ಎರಡಕ್ಕೂ ಒಳ್ಳೆಯದು. ವಿಮೆಯಲ್ಲಿ ನಿಮ್ಮ ಕೈಯಿಂದ ಎಷ್ಟು ಹೋಗಬಹುದು ಅನ್ನುವುದನ್ನು ಓದಿಕೊಂಡು, ಪೂರ್ತಿ ವಿಮೆ ಸಿಗುವುದಾದರೆ ತಗೊಳ್ಳಿ. "ಗೀರು ಬಿದ್ದರೆ ಎಷ್ಟು ಕೊಡಬೇಕೋ" ಅನ್ನುವ ಚಿಂತೆ ಚಾಲಕನ ಕೈಗೆ ಬಂದರೆ ಪಕ್ಕದವರಿಗೂ ಗೊತ್ತಾಗುತ್ತದೆ.

ಹೊರಡುವ ಮೊದಲು ಹೋಟೆಲಿನ ಅಂಗಳದಲ್ಲೇ ಹತ್ತು ನಿಮಿಷ ಕೂತು ಎಲ್ಲ ಗುಂಡಿ ಒತ್ತಿ ನೋಡಿ. ಇಲ್ಲಿ ನಾವು ಓಡಿಸುವ ಬಹಳ ಕಾರುಗಳಲ್ಲಿ ಇಂಡಿಕೇಟರ್ ಬಲಗೈಗೆ ಸಿಗುತ್ತದೆ. ಅಲ್ಲಿ ಯುರೋಪಿನ ಕಾರು ಸಿಕ್ಕರೆ ಎಡಗೈಗೆ. ತಿರುವಿನಲ್ಲಿ ಇಂಡಿಕೇಟರ್ ಹಾಕಲು ಹೋದಾಗ ಬಿಸಿಲಲ್ಲಿ ವೈಪರ್ ಬಡಿದುಕೊಂಡರೆ ಹೆದರುವವರ ಎದೆ ಧಸಕ್ಕೆನ್ನುತ್ತದೆ.

ದ್ವೀಪವನ್ನು ಯಾವ ದಿಕ್ಕಿನಿಂದ ಸುತ್ತಬೇಕು?

ಇದನ್ನು ಕೇಳುವವರು ಕಡಿಮೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ.

ಎಡಗಡೆ ಓಡಿಸುವ ದ್ವೀಪವನ್ನು ಪ್ರದಕ್ಷಿಣೆ ಹಾಕಿದರೆ ಸಮುದ್ರ ನಿಮ್ಮ ಎಡಕ್ಕೆ ಬರುತ್ತದೆ. ಅಂದರೆ ನೀರಿಗೆ ಹತ್ತಿರದ ಲೇನ್ ನಿಮ್ಮದು, ನೀರಿಗೆ ಹತ್ತಿರದ ಸೀಟು ಹೆದರುವವರದು. ಅಪ್ರದಕ್ಷಿಣೆ ಬಂದರೆ ಬೆಟ್ಟ, ಮನೆ, ಗದ್ದೆ ಎಡಕ್ಕೆ. ಸಮುದ್ರ ಬಲಕ್ಕೆ, ಮಧ್ಯದಲ್ಲಿ ಎದುರು ಬರುವವರ ಲೇನ್ ಪೂರ್ತಿ ಇರುತ್ತದೆ. ನೀರು ಕಾಣುತ್ತದೆ, ಆದರೆ ಬಾಗಿಲ ಕೆಳಗೆ ಇರುವುದಿಲ್ಲ. ದೇವಸ್ಥಾನ ಸುತ್ತುವ ಅಭ್ಯಾಸದಿಂದ ಬಲಕ್ಕೆ ಸುತ್ತುವುದೇ ಸರಿ ಅನ್ನಿಸಬಹುದು. ಕಾರಿನಲ್ಲಿ ಮಾತ್ರ ಎಡ ಸುತ್ತು ಹಾಕಿ.

ಮಾರಿಷಸ್‌ನಲ್ಲಿ ಇದರ ಅರ್ಥ ಹೀಗೆ. ಪಶ್ಚಿಮದ ಫ್ಲಿಕ್ ಆನ್ ಫ್ಲಾಕ್ ಕಡೆ ಇದ್ದರೆ ದಕ್ಷಿಣಕ್ಕೆ ಹೊರಡಿ. ಲೆ ಮಾರ್ನ್ ಬೆಟ್ಟ ದಾಟಿ, ಮಕೊಂಡೆ ಬಂಡೆಯ ತಿರುವು ಸುತ್ತಿ, ಬೇ ದ್ಯು ಕಾಪ್ ಮೂಲಕ ಸುಯ್ಯಾಕ್ ಕಡೆಗೆ ಹೋಗಿ. ಲೆ ಮಾರ್ನ್ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ ಜಾಗ. ಓಡಿ ಬಂದ ಗುಲಾಮರು ಆ ಬೆಟ್ಟದಲ್ಲಿ ಅಡಗಿ ಬದುಕಿದ್ದರು. ಅಲ್ಲಿ ಇಳಿದು ನೋಡಲು ಹೊತ್ತು ಇಟ್ಟುಕೊಳ್ಳಿ. ಮಕೊಂಡೆಯಲ್ಲಿ ರಸ್ತೆ ಬಂಡೆಯನ್ನು ಬಳಸಿ ನೀರಿನ ಪಕ್ಕಕ್ಕೇ ಬರುತ್ತದೆ. ಈ ದಿಕ್ಕಿನಿಂದ ಬಂದರೆ ಬಂಡೆ ನಿಮ್ಮ ಎಡಕ್ಕಿರುತ್ತದೆ. ನಮ್ಮ ಅಮ್ಮ ಆ ತಿರುವಿನಲ್ಲಿ ಬಾಗಿಲ ಹಿಡಿ ಬಿಟ್ಟು ಸಮುದ್ರ ನೋಡಿದ್ದು ಇದರಿಂದಲೇ.

ಪೂರ್ವ ತೀರಕ್ಕೂ ಇದೇ ಲೆಕ್ಕ. ಮಾಹೆಬೂರಿನಿಂದ ಉತ್ತರಕ್ಕೆ ಹೊರಟರೆ ಎಡಕ್ಕೆ ಗುಡ್ಡಗಳು, ಬಲಕ್ಕೆ ಕೊಲ್ಲಿ. ದ್ವೀಪದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ರಸ್ತೆ ಇದು.

ಒಂದು ಎಚ್ಚರಿಕೆ. ಎಡಕ್ಕೆ ಬೆಟ್ಟ ಇದ್ದ ಕಡೆ ಚರಂಡಿಯೂ ಇರಬಹುದು, ಕಲ್ಲುಗೋಡೆಯೂ ಇರಬಹುದು. ಎದುರು ಬಸ್ಸು ಬಂತು ಅಂತ ಎಡಕ್ಕೆ ಎಳೆಯಬೇಡಿ. ಮೊದಲೇ ವೇಗ ಇಳಿಸಿ, ಬೇಕಾದರೆ ನಿಂತುಬಿಡಿ.

ಇಡೀ ದ್ವೀಪವನ್ನು ಒಂದೇ ದಿನದಲ್ಲಿ ಸುತ್ತಿ ಮುಗಿಸುವ ಯೋಚನೆ ಬಿಡಿ. ಅರ್ಧ ದಿನಕ್ಕೆ ಒಂದು ತೀರ ಸಾಕು.

ಶಾಮರೆಲ್‌ನ ಏಳು ಬಣ್ಣದ ಮಣ್ಣು ನೋಡಲೇಬೇಕು. ಆ ಘಾಟಿ ಕಷ್ಟವಾ?

ಪಶ್ಚಿಮ ತೀರದ ಕಾಸ್ ನ್ವಾಯಾಲ್‌ನಿಂದ ಹತ್ತುವ ದಾರಿ ಕಡಿದಾಗಿದೆ, ತಿರುವು ಜಾಸ್ತಿ. ಹತ್ತುವಾಗ ವೇಗ ತಾನಾಗಿಯೇ ಕಡಿಮೆ ಇರುತ್ತದೆ, ಹಾಗಾಗಿ ಬಹಳ ಜನಕ್ಕೆ ಇಳಿಯುವುದಕ್ಕಿಂತ ಹತ್ತುವುದೇ ಸಲೀಸು. ಇಳಿಯುವಾಗ ಆಟೋಮ್ಯಾಟಿಕ್ ಕಾರಾದರೂ ಗೇರನ್ನು ಕೆಳಗಿನದಕ್ಕೆ ಹಾಕಿ, ಎಂಜಿನ್ನೇ ಕಾರನ್ನು ಹಿಡಿಯಲಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕ್ ಬಿಸಿಯಾಗುತ್ತದೆ, ವಾಸನೆ ಬರುತ್ತದೆ, ಪಕ್ಕದವರು ಇನ್ನೂ ಹೆದರುತ್ತಾರೆ. ಎಂಜಿನ್ ಸದ್ದು ಜಾಸ್ತಿ ಆಗುತ್ತದೆ ಅಂತ ಅವರಿಗೆ ಮೊದಲೇ ಹೇಳಿ. ಎತ್ತರವೇ ಅವರ ದೊಡ್ಡ ಭಯವಾದರೆ ಆ ಒಂದು ದಿನಕ್ಕೆ ಅಲ್ಲಿಯ ಡ್ರೈವರ್ ಇರುವ ಕಾರು ಮಾಡಿ. ದುಡ್ಡು ಸ್ವಲ್ಪ ಹೋಗುತ್ತದೆ, ಜಾಗ ತಪ್ಪುವುದಿಲ್ಲ.

ಗಂಗಾ ತಲಾವ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಬೇಕು. ದಾರಿ ಹೇಗೆ?

ಧೈರ್ಯವಾಗಿ ಹೋಗಿ. ಅದು ಶಿವಭಕ್ತರ ಪವಿತ್ರ ಕೆರೆ, ಯಾತ್ರಿಕರು ಲಕ್ಷಗಟ್ಟಲೆ ಬರುವ ಜಾಗವಾದ್ದರಿಂದ ರಸ್ತೆ ಅಗಲವಾಗಿದೆ. ಕೆರೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿ. ನಮ್ಮ ದಾವಣಗೆರೆಯೇ ಸುಮಾರು 600 ಮೀಟರ್ ಮೇಲಿದೆ. ಬೆಟ್ಟದ ಮೇಲೆ ಅಂದ ಕೂಡಲೇ ಹೆದರುವವರಿಗೆ ಇದನ್ನು ಹೇಳಿ. ದಾರಿಯಲ್ಲಿ 108 ಅಡಿ ಎತ್ತರದ ಮಂಗಲ ಮಹಾದೇವ ದೂರದಿಂದಲೇ ಕಾಣಿಸುತ್ತಾನೆ.

ಶಿವರಾತ್ರಿಯ ವಾರದಲ್ಲಿ ಮಾತ್ರ ಕಾರು ತರಬೇಡಿ. ದ್ವೀಪದ ಮೂಲೆಮೂಲೆಯಿಂದ ಭಕ್ತರು ಕಾವಡಿ ಹೊತ್ತು ಹಗಲು ರಾತ್ರಿ ನಡೆದು ಬರುತ್ತಾರೆ. ಅವರ ನಡುವೆ ಕಾರು ನುಗ್ಗಿಸುವುದು ಯಾರಿಗೂ ಒಳ್ಳೆಯದಲ್ಲ. ಅದೇ ದರ್ಶನ ಬೇಕಿದ್ದರೆ ಬಸ್ಸಿನಲ್ಲಿ ಹೋಗಿ.

ಎಷ್ಟು ವೇಗದಲ್ಲಿ ಹೋದರೆ ಸರಿ? ತೀರಾ ನಿಧಾನ ಹೋದರೆ ಹಿಂದಿನವರಿಗೆ ತೊಂದರೆ ಅಲ್ವಾ?

ಅವರು ಕೇಳುವ ಮೊದಲೇ ವೇಗ ಇಳಿಸಿದರೆ ಅದು ಸರಿಯಾದ ವೇಗ. ಕೇಳಿದ ಮೇಲೆ ಇಳಿಸಿದರೆ ಅಷ್ಟರಲ್ಲಿ ಅವರು ಹೆದರಿ ಆಗಿರುತ್ತದೆ.

ಲೆಕ್ಕ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೀರಿ, 40ರಲ್ಲಿ ಸುಮಾರು 11 ಮೀಟರ್. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ 40ಕ್ಕಿಂತ 60ರಲ್ಲಿ ಎರಡು ಪಟ್ಟಿಗೂ ಜಾಸ್ತಿ. ಇನ್ನು ಉಳಿಯುವ ಹೊತ್ತು? 30 ಕಿ.ಮೀ. ಕರಾವಳಿ ರಸ್ತೆಯನ್ನು 60ರಲ್ಲಿ ಅರ್ಧ ಗಂಟೆಗೆ ಮುಗಿಸಿದರೆ 45ರಲ್ಲಿ 40 ನಿಮಿಷ ಆಗುತ್ತದೆ. ರಜೆಗೆ ಹೋದವರಿಗೆ ಹತ್ತು ನಿಮಿಷ ಏನೂ ಅಲ್ಲ.

ಹಿಂದೆ ಸಾಲು ನಿಂತರೆ ಜಾಗ ಸಿಕ್ಕ ಕಡೆ ಎಡಕ್ಕೆ ಹಾಕಿ ಅವರನ್ನು ಬಿಟ್ಟುಬಿಡಿ. ಮುಂದಿನ ಗಾಡಿಗೆ ಮೂರು ಸೆಕೆಂಡಿನ ಅಂತರ ಇಡಿ. ಆ ಗಾಡಿ ಒಂದು ಕಂಬ ದಾಟಿದಾಗಿನಿಂದ ನೀವು ಅದೇ ಕಂಬ ತಲುಪುವ ತನಕ ಎಣಿಸಿ. ಹೆದರುವವರ ಕೈಗೇ ಈ ಎಣಿಕೆ ಕೊಡಬಹುದು. ಅಂತರ ಸರಿ ಇದೆ ಅಂತ ತಾವೇ ಎಣಿಸಿ ನೋಡಿದರೆ ನಿಮ್ಮ ಮಾತಿಗಿಂತ ಜಾಸ್ತಿ ನಂಬಿಕೆ ಬರುತ್ತದೆ.

"ಅಯ್ಯೋ!" ಅಂತ ಕಿರುಚುತ್ತಾರೆ. ನನಗೇ ಗಾಬರಿ ಆಗುತ್ತದೆ. ಏನು ಮಾಡಲಿ?

ಕಾರು ಹತ್ತುವ ಮೊದಲೇ ಮಾತಾಡಿ ಒಪ್ಪಂದ ಮಾಡಿಕೊಳ್ಳಿ. ಎರಡೇ ಮಾತು ಸಾಕು. "ನಿಧಾನ" ಅಂದರೆ ವೇಗ ಇಳಿಸಬೇಕು. "ನಿಲ್ಸು" ಅಂದರೆ ಸುರಕ್ಷಿತ ಜಾಗ ಸಿಕ್ಕ ತಕ್ಷಣ ನಿಲ್ಲಿಸಬೇಕು. ನಿಮ್ಮ ಕಡೆಯಿಂದ ಉತ್ತರ "ಆಯ್ತು" ಅಂತ ಮಾತ್ರ. "ಯಾಕೆ", "ಏನಾಯ್ತು ಈಗ", "ನಾನು 20 ವರ್ಷದಿಂದ ಓಡಿಸ್ತಿದೀನಿ" ಇವು ಯಾವುದೂ ಬೇಡ. ಮೊದಲ ದಿನ "ನಿಧಾನ" ಅನ್ನುವ ಮಾತು ತುಂಬಾ ಸಲ ಬರುತ್ತದೆ. ಪ್ರತಿ ಸಲ ನಿಜವಾಗಿಯೂ ಇಳಿಸಿದರೆ ಮಾರನೆಯ ದಿನ ಕಡಿಮೆಯಾಗುತ್ತದೆ. ಹೇಳಿದರೆ ಕೇಳುತ್ತಾರೆ ಅಂತ ಗೊತ್ತಾದವರು ಪದೇ ಪದೇ ಹೇಳುವುದಿಲ್ಲ.

ಅವರ ಕಡೆಯಿಂದಲೂ ಒಂದು ಮಾತು ತಗೊಳ್ಳಿ. ಸ್ಟಿಯರಿಂಗ್, ಹ್ಯಾಂಡ್‌ಬ್ರೇಕ್, ನಿಮ್ಮ ಕೈ ಇವನ್ನು ಏನೇ ಆದರೂ ಹಿಡಿಯಬಾರದು. ಅಪಾಯ ಕಂಡರೆ "ಅಯ್ಯೋ" ಅನ್ನುವ ಬದಲು ಕಂಡದ್ದನ್ನು ಹೇಳಬೇಕು: "ನಾಯಿ", "ಮಗು", "ಬಸ್ಸು". ಚಾಲಕನಿಗೆ ಉಪಯೋಗಕ್ಕೆ ಬರುವುದು ಅದೇ.

ನೀವೂ ಬಾಯಿಬಿಟ್ಟು ಓಡಿಸಿ. "ಮುಂದೆ ತಿರುವಿದೆ, ನಿಧಾನ ಮಾಡ್ತೀನಿ." "ಆ ಸೈಕಲ್ಲಿನವರು ಹೋಗಲಿ, ಆಮೇಲೆ ದಾಟೋಣ." ಇಷ್ಟು ಕೇಳಿದರೆ ನೀವು ನೋಡಿದ್ದೀರಿ ಅನ್ನುವುದು ಅವರಿಗೆ ಗೊತ್ತಾಗುತ್ತದೆ. ಅವರ ಭಯದಲ್ಲಿ ದೊಡ್ಡ ಪಾಲು "ಇವನು ನೋಡಿದನೋ ಇಲ್ಲವೋ" ಅನ್ನುವುದೇ. ಮಕ್ಕಳ ಮುಂದೆ, ಬೀಗರ ಮುಂದೆ ಅವರ ಹೆದರಿಕೆಯನ್ನು ನಗೆ ಮಾಡಬೇಡಿ. ಆಮೇಲೆ ಅವರು ಹೇಳುವುದನ್ನೇ ನಿಲ್ಲಿಸುತ್ತಾರೆ, ಒಳಗೊಳಗೇ ನಡುಗುತ್ತಾರೆ.

ಮುಂದೆ ಕೂರಿಸಬೇಕಾ, ಹಿಂದೆ ಕೂರಿಸಬೇಕಾ? ವಾಂತಿಯೂ ಬರುತ್ತದೆ.

ಭಯ ಜಾಸ್ತಿಯೋ, ಹೊಟ್ಟೆ ತೊಳಸುವುದು ಜಾಸ್ತಿಯೋ ಅಂತ ಮೊದಲು ತಿಳಿದುಕೊಳ್ಳಿ. ಕಿವಿಯೊಳಗಿನ ಸಮತೋಲನದ ಭಾಗ "ಚಲಿಸುತ್ತಿದ್ದೇವೆ" ಅನ್ನುತ್ತದೆ, ಕಾರಿನ ಒಳಗನ್ನು ನೋಡುವ ಕಣ್ಣು "ಇಲ್ಲ" ಅನ್ನುತ್ತದೆ. ಈ ಎರಡು ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಅಂಥವರು ಮುಂದೆ ಕೂತು ದೂರಕ್ಕೆ ನೋಡಬೇಕು, ಮೊಬೈಲ್ ಮುಟ್ಟಬಾರದು. ಮ್ಯಾಪ್ ನೋಡುವ ಕೆಲಸ ಅವರಿಗೆ ಕೊಡಬೇಡಿ. ಬರೀ ಭಯದವರಾದರೆ ಹಿಂದಿನ ಸೀಟಿನಲ್ಲಿ, ಚಾಲಕನ ಹಿಂದೆ ಕೂತರೆ ರಸ್ತೆಯ ಎಡ ಅಂಚು ಕಾಣುವುದಿಲ್ಲ. ಹಿಂದೆ ಕೂತರೂ ಬೆಲ್ಟ್ ಹಾಕಲೇಬೇಕು.

ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಭರ್ತಿಯೂ ಬೇಡ. ಊರಲ್ಲಿ ಅಭ್ಯಾಸಕ್ಕೆ ಹೊರಡುವ ದಿನ ಬೆಣ್ಣೆ ದೋಸೆ ತಿಂದು ಜೋಗಿಮಟ್ಟಿ ಹತ್ತಬೇಡಿ, ಅದನ್ನು ಇಳಿದು ಬಂದ ಮೇಲೆ ತಿನ್ನಿ. ಒಣ ಮಂಡಕ್ಕಿ ಒಂದು ಹಿಡಿ ಸಾಕು. ಶುಂಠಿ ಕೆಲವರಿಗೆ ಆಗಿಬರುತ್ತದೆ. ಅವೋಮಿನ್‌ನಂಥ ಮಾತ್ರೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಹೊರಡುವ ಮೊದಲೇ ತಗೊಳ್ಳಬೇಕು, ವಾಂತಿ ಶುರುವಾದ ಮೇಲೆ ಉಪಯೋಗ ಕಡಿಮೆ. ನಿದ್ದೆ ಬರಿಸುತ್ತದೆ, ಹಾಗಾಗಿ ಚಾಲಕ ಮುಟ್ಟಬಾರದು. ವಯಸ್ಸಾದವರು, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ತಗೊಳ್ಳಬಾರದು.

ಅಲ್ಲಿಯ ಸರ್ಕಲ್‌ಗಳಲ್ಲಿ ಹೇಗೆ ಹೋಗಬೇಕು?

ದ್ವೀಪದ ತುಂಬಾ ಸರ್ಕಲ್‌ಗಳಿವೆ. ಬಲಗಡೆಯಿಂದ, ಅಂದರೆ ಆಗಲೇ ಸರ್ಕಲ್ ಒಳಗೆ ಸುತ್ತುತ್ತಿರುವವರಿಗೆ ದಾರಿ ಬಿಡಬೇಕು. ಖಾಲಿಯಾದ ಮೇಲೆ ಒಳಗೆ ಹೋಗಬೇಕು. ನಮ್ಮ ಜಯದೇವ ಸರ್ಕಲ್‌ನ ಹಾಗೆ ನುಗ್ಗುವುದು ಅಲ್ಲಿ ನಡೆಯುವುದಿಲ್ಲ. ದಾರಿ ತಪ್ಪಿದರೆ ಇನ್ನೊಂದು ಸುತ್ತು ಹಾಕಿ, ಯಾರೂ ಏನೂ ಅನ್ನುವುದಿಲ್ಲ. "ಎರಡನೇ ದಾರಿ" ಅಂತ ಎಣಿಸಿ ಹೇಳುವ ಕೆಲಸವನ್ನು ಪಕ್ಕದವರಿಗೆ ಕೊಡಿ. ಪೋರ್ಟ್ ಲೂಯಿಯನ್ನು ಬೆಳಿಗ್ಗೆ ಆಫೀಸ್ ಹೊತ್ತಿನಲ್ಲಿ, ಸಂಜೆ ಎಲ್ಲರೂ ಮನೆಗೆ ಹೊರಡುವ ಹೊತ್ತಿನಲ್ಲಿ ತಪ್ಪಿಸಿ.

ಕಬ್ಬಿನ ಗದ್ದೆಗಳ ನಡುವೆ ಓಡಿಸುವುದು ಕಷ್ಟ ಅಂತಾರೆ. ನಿಜವಾ?

ಕಬ್ಬು ಎತ್ತರ ಬೆಳೆದಾಗ ಅಡ್ಡರಸ್ತೆ ಕೂಡುವ ಜಾಗದಲ್ಲಿ ಏನೂ ಕಾಣುವುದಿಲ್ಲ. ಜೂನ್ ಸುಮಾರಿಗೆ ಕಟಾವು ಶುರುವಾದ ಮೇಲೆ ವರ್ಷದ ಕೊನೆವರೆಗೆ ಕಬ್ಬು ತುಂಬಿದ ಲಾರಿಗಳು ರಸ್ತೆಯಲ್ಲಿ ಇರುತ್ತವೆ. ಕುಕ್ಕವಾಡದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹೋಗಿ ಅಭ್ಯಾಸ ಇರುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಂತರ ಇಟ್ಟು ಹಿಂದೆಯೇ ಹೋಗಿ, ಪೂರ್ತಿ ನೇರ ರಸ್ತೆ ಕಾಣುವ ತನಕ ಓವರ್‌ಟೇಕ್ ಬೇಡ.

ಮಳೆ, ಚಂಡಮಾರುತ ಬಂದರೆ?

ತೀರದಲ್ಲಿ ಬಿಸಿಲಿದ್ದರೂ ಮೇಲಿನ ಕ್ಯೂರ್‌ಪೀಪ್ ಕಡೆ ಮಳೆ ಸುರಿಯುತ್ತಿರಬಹುದು. ಅದು ಅಲ್ಲಿ ಮಾಮೂಲು, ಇದನ್ನು ಮನೆಯವರಿಗೆ ಹೇಳಿಟ್ಟಿರಿ. ಗಾಜು ಮಂಜಾದರೆ ಎಸಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೆಡ್‌ಲೈಟನ್ನು ಲೋ ಬೀಮಿನಲ್ಲಿ ಹಾಕಿ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಎಚ್ಚರಿಕೆ 1ರಿಂದ 4ನೇ ದರ್ಜೆವರೆಗೆ ಇರುತ್ತದೆ. 1 ಅಂದರೆ ಇನ್ನೂ ಹೊತ್ತಿದೆ. 2 ಬಂದ ಮೇಲೆ ಸುತ್ತಾಟ ನಿಲ್ಲಿಸಿ ಹೋಟೆಲ್ ಸೇರಿ. 3, 4ರಲ್ಲಿ ಹೊರಗೆ ಕಾಲಿಡಬಾರದು. ಇದು ಸುಮ್ನೆ ಹೇಳುವ ಮಾತಲ್ಲ. 2013ರ ಮಾರ್ಚ್ 30ರಂದು ಪೋರ್ಟ್ ಲೂಯಿಯಲ್ಲಿ ದಿಢೀರ್ ಪ್ರವಾಹ ಬಂದು 11 ಜನ ಸತ್ತರು. 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತದ ಹೊತ್ತಿಗೆ ಅದೇ ಊರಿನ ಬೀದಿಗಳಲ್ಲಿ ಕಾರುಗಳು ಕೊಚ್ಚಿಹೋದವು. ಹರಿಯುವ ನೀರು ಒಂದು ಅಡಿ ಇದ್ದರೂ ಸಣ್ಣ ಕಾರನ್ನು ಎತ್ತಬಲ್ಲದು. ನೀರು ದಾಟುವುದು ಬೇಡ ಅಂತ ಪಕ್ಕದವರು ಹೇಳಿದರೆ ಎರಡನೇ ಮಾತಿಲ್ಲದೆ ತಿರುಗಿಸಿ.

ರಾತ್ರಿ ಓಡಿಸಬಹುದಾ?

ಹೆದರುವವರ ಜೊತೆ ಬೇಡ. ಜೂನ್, ಜುಲೈನಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಕತ್ತಲು ಬೇಗ ಕವಿಯುತ್ತದೆ. ಕಬ್ಬಿನ ನಡುವಿನ ರಸ್ತೆಗಳಲ್ಲಿ ದೀಪ ಇಲ್ಲ. ನಾಲ್ಕೂವರೆಗೆ ಹೊರಟು ಬೆಳಕಿರುವಾಗಲೇ ಹೋಟೆಲ್ ಸೇರಿ. ಊಟಕ್ಕೆ ಹೊರಗೆ ಹೋಗಬೇಕಿದ್ದರೆ ಟ್ಯಾಕ್ಸಿ.

ಹಿಂದೆ ಅಪಘಾತ ಆಗಿತ್ತು. ಅದಾದ ಮೇಲೆ ಕಾರು ಹತ್ತಿದರೆ ನಡುಗುತ್ತಾರೆ.

ನಮ್ಮ ಕಡೆ ಹೆದ್ದಾರಿಯಲ್ಲಿ ಯಾರನ್ನಾದರೂ ಕಳೆದುಕೊಳ್ಳದ ಬಳಗ ಕಡಿಮೆ. ಆ ನೆನಪು ಇದ್ದವರಿಗೆ ಮೇಲಿನ ಉಪಾಯಗಳು ಸಾಲುವುದಿಲ್ಲ. ಎದೆ ಬಡಿತ, ಬೆವರು, ಉಸಿರು ಕಟ್ಟಿದ ಹಾಗೆ ಆಗುವುದು, ಹಿಂದಿನ ರಾತ್ರಿ ನಿದ್ದೆ ಬರದಿರುವುದು ಇದ್ದರೆ ಅದಕ್ಕೆ ಚಿಕಿತ್ಸೆ ಇದೆ. ದಾವಣಗೆರೆಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೇ ಮನೋವೈದ್ಯರು ಸಿಗುತ್ತಾರೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಪ್ರವಾಸಕ್ಕೆ ಕೆಲವು ತಿಂಗಳು ಮೊದಲೇ ಶುರು ಮಾಡಿ. ಯಾರದೋ ನಿದ್ದೆ ಮಾತ್ರೆ ಕೊಟ್ಟು ಕೂರಿಸುವುದು ತಪ್ಪು.

ದಾರಿಯಲ್ಲೇ ಹಾಗಾದರೆ ಪೆಟ್ರೋಲ್ ಬಂಕ್, ಬೀಚಿನ ಪಾರ್ಕಿಂಗ್, ದೇವಸ್ಥಾನದ ಅಂಗಳ ಎಲ್ಲಾದರೂ ನಿಲ್ಲಿಸಿ. ಎಂಜಿನ್ ಆರಿಸಿ, ಕೆಳಗಿಳಿಸಿ. ನಾಲ್ಕು ಎಣಿಸಿ ಉಸಿರು ಒಳಗೆ, ಆರು ಎಣಿಸಿ ಹೊರಗೆ. ಜೊತೆಗೆ ನೀವೂ ಮಾಡಿ. ಮುಂದೆ ಹೋಗುವುದೋ, ವಾಪಸ್ಸೋ ಅನ್ನುವುದನ್ನು ಅವರೇ ಹೇಳಲಿ.

ಬೇರೆ ದ್ವೀಪಗಳಿಗೂ ಇದೇ ನಡೆಯುತ್ತದಾ?

ಶ್ರೀಲಂಕಾ, ಬಾಲಿ, ಫುಕೆಟ್, ಸೇಶೆಲ್ಸ್, ನಮ್ಮ ಅಂಡಮಾನ್ ಎಲ್ಲ ಕಡೆಯೂ ಎಡಗಡೆಯೇ, ಹಾಗಾಗಿ ದಿಕ್ಕಿನ ಲೆಕ್ಕ ಅದೇ. ಶ್ರೀಲಂಕಾದಲ್ಲಿ ಐಡಿಪಿ ಒಂದೇ ಸಾಲದು, ಅಲ್ಲಿಯ ಅನುಮತಿಯೂ ಬೇಕು. ಸೇಶೆಲ್ಸ್‌ನ ಮಾಹೆಯಲ್ಲಿ ಬೆಟ್ಟ ದಾಟುವ ರಸ್ತೆಗಳು ಕಿರಿದು, ಕೆಲವು ಕಡೆ ಅಂಚಿಗೆ ತಡೆಗೋಡೆ ಇಲ್ಲ. ಎತ್ತರಕ್ಕೆ ಹೆದರುವವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ನೀವೇ ಓಡಿಸಬೇಡಿ. ಅಂಡಮಾನ್‌ನಲ್ಲಿ ಬಾರಾತಾಂಗ್‌ಗೆ ಹೋಗುವ ದಾರಿ ಜಾರವಾ ಜನರ ಕಾಡಿನ ಮೂಲಕ ಹೋಗುತ್ತದೆ. ಜಿರ್ಕಾಟಾಂಗ್‌ನಿಂದ ಎಲ್ಲ ಗಾಡಿಗಳೂ ಪೊಲೀಸರ ಜೊತೆ ಸಾಲಾಗಿ ಹೋಗಬೇಕು, ನಡುವೆ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. "ನಿಲ್ಸು" ಅಂದರೂ ನಿಲ್ಲಿಸಲಾಗದ ದಾರಿ ಅದು. ಅವರಿಗೆ ಮೊದಲೇ ತಿಳಿಸಿ, ಬೇಡ ಅಂದರೆ ಬಿಟ್ಟುಬಿಡಿ.

ಏನಾದರೂ ಆಗಿಯೇ ಬಿಟ್ಟರೆ ಯಾರನ್ನು ಕರೆಯಬೇಕು?

ಮಾರಿಷಸ್‌ನಲ್ಲಿ ಪೊಲೀಸ್ 999, ಆಂಬುಲೆನ್ಸ್ 114, ಅಗ್ನಿಶಾಮಕ 115. ಯಾರಿಗೂ ಗಾಯ ಆಗದ ಸಣ್ಣ ಡಿಕ್ಕಿಯಾದರೆ ಇಬ್ಬರೂ ಚಾಲಕರು ಸೇರಿ ತುಂಬುವ ಒಂದು ಫಾರಂ ಅಲ್ಲಿ ಇದೆ. ಅದು ಕಾರಿನಲ್ಲಿ ಎಲ್ಲಿದೆ ಅಂತ ಕಾರು ತಗೊಳ್ಳುವಾಗಲೇ ಕೇಳಿ ನೋಡಿಕೊಳ್ಳಿ. ಫೋಟೊ ತೆಗೆದು ಬಾಡಿಗೆಯವರಿಗೆ ಫೋನ್ ಮಾಡಿ. ಈ ನಂಬರುಗಳನ್ನು, ಹೋಟೆಲಿನ ನಂಬರನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಹೆದರುವವರ ಕೈಚೀಲದಲ್ಲೇ ಇಡಿ.